ನೋಡ್ ಇಟ್ಟರೆ ದುಡ್ಡು ಬರುತ್ತಾ?

ಪ್ರಶ್ನೆ: ಮನೆಯಲ್ಲಿ ಒಂದು ಹಳೇ ಲ್ಯಾಪ್‌ಟಾಪ್ ಸುಮ್ನೆ ಕೂತಿದೆ. ಅದರಲ್ಲಿ ಬಿಟ್‌ಕಾಯಿನ್ ನೋಡ್ ಹಾಕಿದರೆ ತಿಂಗಳಿಗೆ ಒಂದಿಷ್ಟು ದುಡ್ಡು ಬರುತ್ತೆ ಅಂತ ನಮ್ಮ ಚಿಕ್ಕಪ್ಪನ ಮಗ ಹೇಳ್ತಾನೆ. ನಿಜವೇ? ಅಸಲಿಗೆ ಈ ನೋಡ್ ದಿನವಿಡೀ ಮಾಡುವುದಾದರೂ ಏನು? ರಾತ್ರಿ ಆಫ್ ಮಾಡಬಹುದಾ?
– ಒಬ್ಬ ಓದುಗರು, ದಾವಣಗೆರೆ

ಉತ್ತರ: ಒಂದು ಪೈಸೆಯೂ ಬರುವುದಿಲ್ಲ. ನಿಮ್ಮ ತಮ್ಮ ನೋಡನ್ನೂ ಮೈನರನ್ನೂ ಒಂದೇ ಅಂದುಕೊಂಡಂತಿದೆ. ಹೊಸ ಬ್ಲಾಕ್ (ವ್ಯವಹಾರಗಳ ಒಂದು ಕಟ್ಟು, ಲೆಕ್ಕದ ಪುಸ್ತಕದ ಒಂದು ಪುಟ ಅನ್ನಿ) ಕಟ್ಟುವವರು ಮೈನರ್‌ಗಳು. ಅದಕ್ಕೆಂದೇ ಮಾಡಿದ ಯಂತ್ರಗಳನ್ನು ಸಾಲಾಗಿ ಜೋಡಿಸಿ, ಕರೆಂಟ್ ಸುಟ್ಟು ಕೆಲಸ ಮಾಡುತ್ತಾರೆ. 2024ರ ಏಪ್ರಿಲ್‌ನಿಂದ ಅವರಿಗೆ ಬ್ಲಾಕಿಗೆ 3.125 ಬಿಟ್‌ಕಾಯಿನ್ ಸಿಗುತ್ತದೆ, ಜೊತೆಗೆ ವ್ಯವಹಾರಗಳ ಶುಲ್ಕ. ನೋಡ್, ಅಂದರೆ ಈ ಜಾಲಕ್ಕೆ ಸೇರಿದ ಒಂದು ಕಂಪ್ಯೂಟರ್, ಮಾಡುವುದು ಅವರು ಕಟ್ಟಿದ್ದರ ತಪಾಸಣೆ. ಸಂಬಳವಿಲ್ಲದ ಆಡಿಟರ್ ಅನ್ನಿ. (ಇಥೀರಿಯಂ ಅನ್ನುವ ಇನ್ನೊಂದು ಜಾಲದಲ್ಲಿ ಅದರ ನಾಣ್ಯವಾದ ಈಥರ್ 32 ಒತ್ತೆ ಇಟ್ಟು ವ್ಯಾಲಿಡೇಟರ್, ಅಂದರೆ ಬ್ಲಾಕ್‌ಗಳಿಗೆ ಒಪ್ಪಿಗೆ ಕೊಡುವವರು, ಆದರೆ ಪ್ರತಿಫಲ ಉಂಟು. ಆ ಕಥೆ ಬೇರೆ, ಅದಕ್ಕೆ ಬೇಕಾದ ಬಂಡವಾಳವೂ ಬೇರೆ.)

ನಿಮ್ಮ ಲ್ಯಾಪ್‌ಟಾಪಿನಲ್ಲಿ ನೋಡ್ ನಡೆಸುವ ಸಾಫ್ಟ್‌ವೇರ್ ಬಿಟ್‌ಕಾಯಿನ್ ಕೋರ್ ಹಾಕಿದಿರಿ ಅಂತಿಟ್ಟುಕೊಳ್ಳಿ. ಮೊದಲು ಅದು ನೆರೆಹೊರೆ ಹುಡುಕುತ್ತದೆ. ವಿಳಾಸ ಕೇಳಲು ಯಾರನ್ನು ಸಂಪರ್ಕಿಸಬೇಕು ಅನ್ನುವುದು ಸಾಫ್ಟ್‌ವೇರ್ ಒಳಗೇ ಇರುತ್ತದೆ. ವಿಳಾಸ ಸಿಕ್ಕ ಮೇಲೆ ತಾನಾಗಿಯೇ 10 ನೋಡ್‌ಗಳ ಜೊತೆ ಮಾತು ಶುರು ಮಾಡುತ್ತದೆ. ಎಂಟರ ಜೊತೆ ಎಲ್ಲ ವಿಷಯ, ಎರಡರ ಜೊತೆ ಬ್ಲಾಕ್ ಮಾತ್ರ. ಎಲ್ಲರೂ ಒಂದೇ ಕಡೆಯವರಾಗದ ಹಾಗೆ ಬೇರೆ ಬೇರೆ ಜಾಲಗಳಿಂದ ಆರಿಸುತ್ತದೆ. ಒಂಬತ್ತು ಜನ ಸುಳ್ಳು ಹೇಳಿದರೂ ಒಬ್ಬ ಸರಿಯಾದವನು ಸಿಕ್ಕರೆ ಸಾಕು, ಯಾಕೆಂದರೆ ಉಳಿದದ್ದನ್ನು ನೋಡ್ ತಾನೇ ಲೆಕ್ಕ ಹಾಕಿ ನೋಡಬಲ್ಲದು.

ಆಮೇಲೆ 2009ರ ಜನವರಿ 3ರ ಮೊದಲ ಬ್ಲಾಕಿನಿಂದ ಇವತ್ತಿನವರೆಗಿನ ಇಡೀ ಕಿರ್ದಿ ಪುಸ್ತಕವನ್ನು ಇಳಿಸಿಕೊಳ್ಳುತ್ತದೆ. ಅದು 600 ಜಿಬಿ ದಾಟಿ ಆಯಿತು. ಸುಮ್ನೆ ಇಳಿಸುವುದಲ್ಲ, ಪುಟ ಪುಟ ಲೆಕ್ಕ ಕೂಡಿಸುತ್ತಾ ಬರುತ್ತದೆ. (ಬೇಗ ಮುಗಿಯಲಿ ಅಂತ ಹಳೆಯ ಬ್ಲಾಕ್‌ಗಳ ಸಹಿ ಪರೀಕ್ಷೆಯನ್ನು ಮಾತ್ರ ಬಿಟ್ಟಿರುತ್ತದೆ. ಅದನ್ನೂ ಮಾಡಲೇಬೇಕು ಅನ್ನುವ ಹಟ ಇದ್ದರೆ ಒಂದು ಸೆಟ್ಟಿಂಗ್ ಬದಲಿಸಿ.) ಕೊನೆಗೆ ಕೈಯಲ್ಲಿ ಉಳಿಯುವುದು ಒಂದು ಪಟ್ಟಿ: ಯಾವ್ಯಾವ ನಾಣ್ಯ ಇನ್ನೂ ಖರ್ಚಾಗದೆ ಉಳಿದಿದೆ, ಅದನ್ನು ಬಿಚ್ಚಲು ಯಾವ ಕೀಲಿ ಬೇಕು. ಮುಂದಿನ ಕೆಲಸವೆಲ್ಲ ಈ ಪಟ್ಟಿಯ ಮೇಲೆ.

ಯಾರೋ ದುಡ್ಡು ಕಳಿಸಿದರು. ಪಕ್ಕದ ನೋಡ್ ಮೊದಲು ಬರೀ ಒಂದು ಗುರುತು ಕಳಿಸುತ್ತದೆ, 'ಈ ನಂಬರಿನ ವ್ಯವಹಾರ ನನ್ನ ಹತ್ತಿರ ಇದೆ' ಅಂತ. ನಿಮ್ಮ ನೋಡ್ ಹತ್ತಿರ ಅದು ಇಲ್ಲದಿದ್ದರೆ 'ಕೊಡು' ಅನ್ನುತ್ತದೆ. ಬಂದ ಮೇಲೆ ವಿಚಾರಣೆ. ಈ ನಾಣ್ಯ ನನ್ನ ಪಟ್ಟಿಯಲ್ಲಿದೆಯಾ? ಸಹಿ ಸರಿಯಾ? ಇದ್ದದ್ದಕ್ಕಿಂತ ಜಾಸ್ತಿ ಕೊಡುತ್ತಿದ್ದಾನಾ? ಎಲ್ಲ ಸರಿ ಇದ್ದರೆ ಕಾಯುವ ಸಾಲಿಗೆ ಸೇರಿಸಿ ಬೇರೆಯವರಿಗೂ ಸುದ್ದಿ ಮುಟ್ಟಿಸುತ್ತದೆ. ಆ ಸಾಲಿಗೆ ಸಾಮಾನ್ಯವಾಗಿ 300 ಎಂಬಿ ಜಾಗ. ಎರಡು ವಾರ ಆದರೂ ಯಾವ ಬ್ಲಾಕೂ ಹತ್ತಿಸಿಕೊಳ್ಳದಿದ್ದರೆ ಹೊರಗೆ ಹಾಕುತ್ತದೆ. ತಪ್ಪಿದ್ದರಂತೂ ಅಲ್ಲೇ ಬಿಸಾಕುತ್ತದೆ, ಮುಂದಕ್ಕೆ ಹೇಳುವುದೇ ಇಲ್ಲ.

ಬ್ಲಾಕ್ ಬಂದಾಗಲೂ ಇದೇ ಬಿಗಿ. ಮೈನರ್ ಒಬ್ಬ ಶುಲ್ಕ ಬಿಟ್ಟು ತನ್ನ ಪಾಲಿಗೆ 3.125ರ ಬದಲು 4 ಅಂತ ಬರೆದುಕೊಂಡ ಅನ್ನಿ. ಎಷ್ಟೇ ಕರೆಂಟ್ ಸುಟ್ಟಿರಲಿ, ಇಡೀ ಬ್ಲಾಕ್ ಕಸದ ಬುಟ್ಟಿಗೆ.

ಆದರೆ ನೋಡ್ ಒಳಗಿನ ಕೋಡೇ ತಪ್ಪಿದ್ದರೆ? ಅದೂ ಆಗಿದೆ. 2010ರ ಆಗಸ್ಟ್ 15ರಂದು 74638ನೇ ಬ್ಲಾಕಿನಲ್ಲಿ ಒಂದೇ ವ್ಯವಹಾರದಿಂದ ಸುಮಾರು 18,400 ಕೋಟಿ ಬಿಟ್‌ಕಾಯಿನ್ ಹುಟ್ಟಿಕೊಂಡವು. ಒಟ್ಟು ಮಿತಿ ಇರುವುದೇ 2.1 ಕೋಟಿ! ಎರಡು ಭಾರಿ ಮೊತ್ತ ಕೂಡಿಸುವಾಗ ಸಂಖ್ಯೆ ತನ್ನ ಗಡಿ ದಾಟಿ ಮೈನಸ್‌ಗೆ ತಿರುಗಿತ್ತು. ಪರೀಕ್ಷೆಗೆ ಅದು ಸಣ್ಣ ಮೊತ್ತದಂತೆ ಕಂಡಿತು, ನೋಡ್‌ಗಳು ಒಪ್ಪಿಕೊಂಡವು. ಕೆಲವೇ ಗಂಟೆಗಳಲ್ಲಿ ಸರಿಪಡಿಸಿದ ಆವೃತ್ತಿ ಬಂತು. ಅದನ್ನು ಹಾಕಿಕೊಂಡವರ ನೋಡ್‌ಗಳು ಆ ಬ್ಲಾಕನ್ನು ತಳ್ಳಿಹಾಕಿ ಅದರ ಹಿಂದಿನ ಬ್ಲಾಕಿನಿಂದ ಬ್ಲಾಕ್‌ಗಳ ಬೇರೆ ಸರಪಳಿ ಬೆಳೆಸಿದವು. ಆ ಸರಪಳಿ ಮುಂದೆ ಹೋದ ಮೇಲೆ ಹಳೆಯದು ಬಿದ್ದುಹೋಯಿತು. ಯಾವ ಕಚೇರಿಯಿಂದಲೂ ಆದೇಶ ಬರಲಿಲ್ಲ. ಒಂದೊಂದು ನೋಡಿನವರೂ ಸಾಫ್ಟ್‌ವೇರ್ ಬದಲಿಸಿದರು, ಅಷ್ಟೇ.

ಇನ್ನು ನಿಮ್ಮ ಲ್ಯಾಪ್‌ಟಾಪ್. ಒಳಗಿರುವುದು ತಿರುಗುವ ಹಾರ್ಡ್ ಡಿಸ್ಕ್ ಆದರೆ ಈಗಲೇ ಹೇಳಿಬಿಡುತ್ತೇನೆ, ಎಸ್‌ಎಸ್‌ಡಿ ಹಾಕಿಸಿ. ಖರ್ಚಾಗದ ನಾಣ್ಯಗಳ ಆ ಪಟ್ಟಿಯಲ್ಲಿ ಅಲ್ಲೊಂದು ಇಲ್ಲೊಂದು ಅಂತ ಸದಾ ಹುಡುಕಾಟ ನಡೆಯುತ್ತಿರುತ್ತದೆ, ಹಳೇ ಡಿಸ್ಕ್ ಏದುಸಿರು ಬಿಡುತ್ತದೆ. ನಾನು ಮೊದಲ ಸಲ ಅಂಥದ್ದರಲ್ಲೇ ಶುರು ಮಾಡಿದ್ದೆ. ವಾರ ಕಳೆದರೂ ಮುಗಿದಿರಲಿಲ್ಲ. ಅಷ್ಟರಲ್ಲಿ ಒಂದು ಸಂಜೆ ಮಳೆ ಬಂದು ಕರೆಂಟ್ ಹೋಯಿತು, ಡೇಟಾಬೇಸ್ ಕೆಟ್ಟಿತು. ಬ್ಲಾಕ್‌ಗಳು ಉಳಿದಿದ್ದವು, ಪಟ್ಟಿಯನ್ನು ಮಾತ್ರ ಮೊದಲಿನಿಂದ ಕಟ್ಟಬೇಕಾಯಿತು. ನಿಮ್ಮ ಲ್ಯಾಪ್‌ಟಾಪಿನ ಬ್ಯಾಟರಿ ಹತ್ತು ನಿಮಿಷ ನಿಂತರೂ ಆ ಕಾಟ ಇಲ್ಲ.

ಜಾಗ ಇಲ್ಲ ಅಂದರೆ ಪ್ರೂನ್ ಅನ್ನುವ ಆಯ್ಕೆ ಇದೆ. ಎಲ್ಲ ಪರೀಕ್ಷೆ ಮಾಡಿ, ಹಳೇ ಬ್ಲಾಕ್‌ಗಳನ್ನು ಅಳಿಸುತ್ತಾ ಹೋಗುತ್ತದೆ. ಬ್ಲಾಕ್‌ಗಳನ್ನು 550 ಎಂಬಿಗೆ ಇಳಿಸಬಹುದು, ಪಟ್ಟಿಗೆ ಮಾತ್ರ ಬೇರೆ ಕೆಲವು ಜಿಬಿ ಬೇಕು. ತಪಾಸಣೆಯಲ್ಲಿ ಏನೂ ಕಮ್ಮಿಯಿಲ್ಲ. ಹೊಸಬರಿಗೆ ಹಳೇ ಪುಟ ಕೊಡಲು ಆಗುವುದಿಲ್ಲ, ಅಷ್ಟೇ. ಎಷ್ಟೋ ಮನೆ ಬ್ರಾಡ್‌ಬ್ಯಾಂಡ್‌ಗಳಲ್ಲಿ ಹೊರಗಿನವರು ನಿಮ್ಮ 8333ನೇ ಪೋರ್ಟ್‌ಗೆ (ನೋಡ್‌ಗೆ ಬರುವ ಬಾಗಿಲು ಅನ್ನಿ) ಬರಲು ಆಗುವುದೂ ಇಲ್ಲ. ಪರವಾಗಿಲ್ಲ, ನೀವೇ ಹೊರಗೆ ಹೋಗಿ ಮಾತಾಡಿದರೆ ಸಾಕು.

ರಾತ್ರಿ ಧಾರಾಳವಾಗಿ ಆಫ್ ಮಾಡಿ. ಹತ್ತಕ್ಕೆ ಮುಚ್ಚಿ ಬೆಳಿಗ್ಗೆ ಆರಕ್ಕೆ ತೆಗೆದರೆ, ಹತ್ತು ನಿಮಿಷಕ್ಕೊಂದರಂತೆ ಸುಮಾರು 48 ಬ್ಲಾಕ್ ಬಾಕಿ ಇರುತ್ತವೆ. ಎಸ್‌ಎಸ್‌ಡಿ ಇದ್ದರೆ ನೀವು ಕಾಫಿ ಕುಡಿದು ಬರುವಷ್ಟರಲ್ಲಿ ಓದಿ ಮುಗಿಸಿರುತ್ತದೆ.