ತೊಳೆಯುವವರು ಸಿಕ್ಕ ಮೇಲೆ ರೀಲು ಕೊಳ್ಳಿ

ಕಳೆದ ಸಂಚಿಕೆಯಲ್ಲಿ, ಸಿನಿಮಾ ಶೂಟಿಂಗಿನ ಫಿಲ್ಮನ್ನು ನಮ್ಮ ಮಾಮೂಲಿ ಸ್ಟಿಲ್ ಕ್ಯಾಮೆರಾಕ್ಕೂ ಹಾಕಬಹುದು ಅಂತ ಎರಡೇ ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳನ್ನು ನೋಡಿದರೆ ಎರಡು ಸಾಲಲ್ಲಿ ತಪ್ಪಿಸಿಕೊಳ್ಳುವ ಹಾಗಿಲ್ಲ. ಹಾಗಾಗಿ ಈ ತಿಂಗಳ ಅಂಕಣ ಪೂರ್ತಿ ಅದಕ್ಕೇ. ಲೆನ್ಸಿನ ಫಂಗಸ್ ಬಗ್ಗೆ ಕೇಳಿದವರು ದಯವಿಟ್ಟು ಮುಂದಿನ ತಿಂಗಳವರೆಗೆ ಕಾಯಿರಿ. ಮಳೆ ಇನ್ನೂ ನಿಂತಿಲ್ಲ, ಫಂಗಸ್ಸೂ ಎಲ್ಲಿಗೂ ಹೋಗಲ್ಲ.

ಅಪ್ಪನ ಹಳೇ ಕ್ಯಾಮೆರಾ ಅಟ್ಟದಲ್ಲಿ ಸಿಕ್ಕಿತು. ಸಿನಿಮಾ ಫಿಲ್ಮಿನ ತೂತುಗಳೇ ಬೇರೆ, ಹಾಕಿದರೆ ಗೇರ್ ಹೋಗುತ್ತದೆ ಅಂತ ಸ್ನೇಹಿತರು ಹೆದರಿಸುತ್ತಿದ್ದಾರೆ. ಹೌದಾ ಸರ್?
*ಓದುಗರು, ತೀರ್ಥಹಳ್ಳಿ*

ಹೋಗಲ್ಲ. ನಿಮ್ಮ ಅಪ್ಪನ ಕ್ಯಾಮೆರಾದ ಮೂಲಪುರುಷ ಹುಟ್ಟಿದ್ದೇ ಸಿನಿಮಾ ಫಿಲ್ಮ್ ತಿನ್ನೋದಕ್ಕೆ. ಜರ್ಮನಿಯ ಲೈಟ್ಸ್ ಕಂಪನಿಯಲ್ಲಿದ್ದ ಆಸ್ಕರ್ ಬಾರ್ನಾಕ್ 35 ಎಂಎಂ ಸಿನಿಮಾ ಫಿಲ್ಮನ್ನು ಅಡ್ಡ ಮಲಗಿಸಿ, 18x24 ಮಿಲಿಮೀಟರಿನ ಸಿನಿಮಾ ಚೌಕಟ್ಟು ಎರಡನ್ನು ಸೇರಿಸಿ 24x36 ಮಾಡಿದರು. ಅದೇ ಕ್ಯಾಮೆರಾ 1925ರಲ್ಲಿ ಲೈಕಾ ಅಂತ ಮಾರುಕಟ್ಟೆಗೆ ಬಂತು. ಈಗ ನಾವು ಅಂಗಡಿಯಲ್ಲಿ ಕೊಳ್ಳುವಂಥ ತುಂಬಿಸಿಟ್ಟ ಕ್ಯಾಸೆಟ್ಟನ್ನು ಕೊಡಾಕ್ ತಂದದ್ದು 1934ರಲ್ಲಿ. ಅಲ್ಲಿಯವರೆಗೆ ಜನ ಕತ್ತಲಲ್ಲಿ ಕೂತು ತಾವೇ ತುಂಬಿಕೊಳ್ಳುತ್ತಿದ್ದರು.

ತೂತಿನ ಆಕಾರ ಸ್ವಲ್ಪ ಬೇರೆ, ನಿಜ. ಸಿನಿಮಾ ನೆಗೆಟಿವ್‌ನಲ್ಲಿ ಒಂದು ತೂತಿಂದ ಇನ್ನೊಂದಕ್ಕೆ 4.74 ಮಿಲಿಮೀಟರ್, ಸ್ಟಿಲ್ ಫಿಲ್ಮಿನಲ್ಲಿ 4.75. ಒಂದು ಫೋಟೋಗೆ ಎಂಟು ತೂತು. ಮೂವತ್ತಾರು ಫೋಟೋ ಮುಗಿಯುವ ಹೊತ್ತಿಗೆ ಒಟ್ಟು ವ್ಯತ್ಯಾಸ ಮೂರು ಮಿಲಿಮೀಟರೂ ಆಗಲ್ಲ. ಕ್ಯಾಮೆರಾದ ಹಲ್ಲಿಗೆ ಅದು ಗೊತ್ತೇ ಆಗಲ್ಲ.

ಬಣ್ಣದ್ದು ನಾಲ್ಕು ನಂಬರ್ ಕಾಣುತ್ತವೆ. ನಮ್ಮ ಕಡೆ ಬೆಳಕಿಗೆ ಯಾವುದು ಸರಿ?
*ಓದುಗರು, ದುರ್ಗಿಗುಡಿ, ಶಿವಮೊಗ್ಗ*

ಕೊಡಾಕ್ ವಿಷನ್3 ಸಾಲಿನಲ್ಲಿ 5203 ಅಂದರೆ 50ಡಿ, 5207 ಅಂದರೆ 250ಡಿ, 5213 ಅಂದರೆ 200ಟಿ, 5219 ಅಂದರೆ 500ಟಿ. 50, 250 ಅನ್ನೋದು ಫಿಲ್ಮಿನ ವೇಗ, ಅಂದರೆ ಐಎಸ್‌ಒ; ಅಂಕಿ ದೊಡ್ಡದಾದಷ್ಟೂ ಕಡಿಮೆ ಬೆಳಕು ಸಾಕು. ಡಿ ಅಂದರೆ ಹಗಲು ಬೆಳಕು, ಟಿ ಅಂದರೆ ಟಂಗ್‌ಸ್ಟನ್, ಅಂದರೆ ಹಳದಿ ಬಲ್ಬಿನ ಬೆಳಕು. ನಂಬರ್ 72ರಿಂದ ಶುರುವಾದರೆ ಅದು 16 ಎಂಎಂ, ನಿಮ್ಮ ಕ್ಯಾಮೆರಾಕ್ಕೆ ಆಗಲ್ಲ, ಅಗ್ಗಕ್ಕೆ ಸಿಕ್ಕಿತು ಅಂತ ತಗೋಬೇಡಿ.

ನಾನು ಇಲ್ಲಿ ಜಾಸ್ತಿ ಹಾಕೋದು 250ಡಿ. 50ಡಿ ಬಹಳ ನುಣುಪು, ಆದರೆ ಅದಕ್ಕೆ ಬಯಲುಸೀಮೆ ಬಿಸಿಲು ಬೇಕು. ಜುಲೈನಲ್ಲಿ ಆಗುಂಬೆ ಕಾಡಿನೊಳಗೆ ಮಧ್ಯಾಹ್ನ ಮೂರಕ್ಕೇ ಬೆಳಕು ಅಳೆಯುವ ಮೀಟರ್ ಮುಖ ಗಂಟು ಹಾಕಿಕೊಳ್ಳುತ್ತದೆ. 250ರಲ್ಲೂ ಕೈ ನಡುಗದ ಹಾಗೆ ಉಸಿರು ಬಿಗಿಹಿಡಿದು ಕ್ಲಿಕ್ ಮಾಡಬೇಕು.

500ಟಿ ನಿಜವಾದ ಬಣ್ಣ ಬಿಡುವುದು ರಾತ್ರಿ. ಹಳದಿ ಹ್ಯಾಲೋಜನ್ ದೀಪದ ಕೆಳಗೆ ಯಕ್ಷಗಾನ ನಡೆಯುತ್ತಿದ್ದರೆ ವೇಷದ ಕೆಂಪು, ಕಿರೀಟದ ಚಿನ್ನದ ಬಣ್ಣ ಎಷ್ಟು ಬೇಕೋ ಅಷ್ಟೇ ಬರುತ್ತದೆ, ಮುಖಗಳು ಅರಿಶಿನ ಮೆತ್ತಿದ ಹಾಗೆ ಆಗಲ್ಲ. ಈಗ ತುಂಬ ಕಡೆ ಎಲ್‌ಇಡಿ ದೀಪ ಬಂದಿರುವುದರಿಂದ ಬಣ್ಣ ಹೀಗೇ ಬರುತ್ತದೆ ಅಂತ ಗ್ಯಾರಂಟಿ ಕೊಡಲಾರೆ. ಇದನ್ನೇ ಹಗಲಲ್ಲಿ ಬಳಸುವುದಾದರೆ 85 ನಂಬರಿನ ಕಿತ್ತಳೆ ಫಿಲ್ಟರ್ ಹಾಕಿ, ಮೀಟರನ್ನು 320ಕ್ಕೆ ಇಡಿ. ಫಿಲ್ಟರ್ ಇಲ್ಲದೆ ತೆಗೆದರೂ ಸ್ಕ್ಯಾನ್ ಮಾಡುವಾಗ ಸುಮಾರಾಗಿ ತಿದ್ದಬಹುದು. ಆದರೆ ನಮ್ಮ ಮಳೆಗಾಲದ ಬೆಳಕೇ ನೀಲಿ. ಮೇಲೆ ಈ ಫಿಲ್ಮೂ ನೀಲಿಗೆ ಎಳೆದರೆ ಮನೆಮಂದಿಯೆಲ್ಲ ಚಳಿಜ್ವರ ಬಂದವರ ಹಾಗೆ ಕಾಣುತ್ತಾರೆ.

ತೆಗೆದ ರೋಲನ್ನು ಮಾಮೂಲಿ ಕಲರ್ ಲ್ಯಾಬಿಗೆ ಕೊಟ್ಟರಾಯಿತು, ಅಲ್ವಾ?
*ಓದುಗರು, ಸಾಗರ*

ಅಯ್ಯೋ, ಬೇಡ. ಅಂಕಣದಲ್ಲಿ ಉಳಿದದ್ದನ್ನೆಲ್ಲ ಮರೆತರೂ ಪರವಾಗಿಲ್ಲ, ಇದೊಂದನ್ನು ನೆನಪಿಡಿ.

ಬಣ್ಣದ ಸಿನಿಮಾ ನೆಗೆಟಿವ್‌ನ ಬೆನ್ನಿಗೆ ಮಸಿಯ ತೆಳು ಲೇಪ ಇರುತ್ತದೆ. ರೆಮ್‌ಜೆಟ್ ಅಂತ ಅದರ ಹೆಸರು. ಸಿನಿಮಾ ಕ್ಯಾಮೆರಾದಲ್ಲಿ ಫಿಲ್ಮ್ ಸೆಕೆಂಡಿಗೆ 24 ಫ್ರೇಮಿನ ವೇಗದಲ್ಲಿ ಓಡುತ್ತದಲ್ಲ, ಆಗ ಗೀರು ಬೀಳದ ಹಾಗೆ, ಉಜ್ಜಾಟಕ್ಕೆ ಕರೆಂಟು ಹುಟ್ಟಿ ಕಿಡಿ ಹಾರದ ಹಾಗೆ, ಜೋರು ದೀಪದ ಬೆಳಕು ಫಿಲ್ಮನ್ನು ದಾಟಿ ಹಿಂದಿನಿಂದ ವಾಪಸ್ ಹೊಡೆಯದ ಹಾಗೆ ಈ ಮಸಿ ಕಾಯುತ್ತದೆ. ಸಿನಿಮಾ ಲ್ಯಾಬಿನಲ್ಲಿ ಇಸಿಎನ್-2 ಅನ್ನುವ ಕ್ರಮದಲ್ಲಿ ತೊಳೆಯುವಾಗ ಮೊದಲ ಕೆಲಸವೇ ಅದನ್ನು ಮೆತ್ತಗೆ ಮಾಡಿ ನೀರು ಹೊಡೆದು ಕೀಳುವುದು. ನಮ್ಮ ಫೋಟೋ ಲ್ಯಾಬುಗಳ ಸಿ-41 ಮೆಷಿನ್‌ನಲ್ಲಿ ಆ ಏರ್ಪಾಡೇ ಇಲ್ಲ. ಮಸಿ ಬಿಚ್ಚಿಕೊಂಡು ಕೆಮಿಕಲ್ಲಿಗೆ ಸೇರುತ್ತದೆ, ರೋಲರಿಗೆ ಅಂಟುತ್ತದೆ, ಹಿಂದಿನಿಂದ ಬರುವ ಪ್ರತಿಯೊಂದು ರೋಲಿಗೂ ಮೆತ್ತುತ್ತದೆ.

ಇದು ನನಗೆ ಹೇಗೆ ಗೊತ್ತು ಅಂತೀರಾ? ತುಂಬ ವರ್ಷದ ಹಿಂದೆ ಒಂದು ಲ್ಯಾಬಿಗೆ, ಹೆಸರು ಬೇಡ, ತಪ್ಪು ಅವರದ್ದಲ್ಲ, ಏನೂ ಹೇಳದೆ ಇಂಥ ಒಂದು ರೋಲ್ ಕೊಟ್ಟು ಬಂದಿದ್ದೆ. ಅದೂ ಮದುವೆ ಸೀಸನ್ನಿನಲ್ಲಿ. ಸಂಜೆ ಹೋದರೆ ಕೌಂಟರಿನ ಮೇಲೆ ಯಾರದೋ ಧಾರೆಯ ನೆಗೆಟಿವ್ ಹರಡಿಟ್ಟುಕೊಂಡು ಕೂತಿದ್ದರು. ಮದುಮಗಳ ಹಣೆ ತುಂಬ ಸಾಸಿವೆ ಚೆಲ್ಲಿದ ಹಾಗೆ ಕಪ್ಪು ಚುಕ್ಕಿ. "ಏನ್ರೀ ಇದು, ಬಾಣಲೆ ತಳದ ಮಸಿ ತಂದು ಕೊಟ್ಟಿದ್ದೀರಾ?" ಅಂದರು. ಮೆಷಿನ್ ಖಾಲಿ ಮಾಡಿ ತೊಳೆಯುವ ಖರ್ಚನ್ನು ನಾನೇ ಕೊಟ್ಟೆ. ಆಮೇಲೆ ಒಂದು ವರ್ಷ ಆ ರಸ್ತೆಯಲ್ಲಿ ಓಡಾಡಲಿಲ್ಲ.

ಅದಕ್ಕೇ ನಾನು ಎಲ್ಲರಿಗೂ ಹೇಳೋದು: ಇಸಿಎನ್-2 ತೊಳೆಯುವವರು ಯಾರು, ಕೊರಿಯರಿನಲ್ಲಿ ಕಳಿಸಿದರೆ ತಗೋತಾರಾ, ಒಂದು ರೋಲಿಗೆ ಎಷ್ಟು, ಇದನ್ನು ಮೊದಲು ವಿಚಾರಿಸಿ. ಉತ್ತರ ಸಿಕ್ಕ ಮೇಲೆ ರೀಲು. ಫಿಲ್ಮಿನಲ್ಲಿ ಉಳಿಸಿದ ದುಡ್ಡು ತೊಳೆಸುವುದರಲ್ಲಿ ಹೋಗುವ ಸಂದರ್ಭವೇ ಜಾಸ್ತಿ.

ಒಂದು ಹೊಸ ವಿಷಯವೂ ಇದೆ. 2025ರಿಂದ ಕೊಡಾಕ್ ಈ ಮಸಿ ಲೇಪ ಇಲ್ಲದ ವಿಷನ್3 ತರುತ್ತಿದೆ, ಬೆಳಕು ತಡೆಯುವ ಪದರವನ್ನು ಫಿಲ್ಮಿನ ಒಳಗೇ ಇಟ್ಟು. ಆದರೆ ಕೈಯಿಂದ ಕೈಗೆ ಮಾರಾಟ ಆಗುವ ಹಳೇ ಡಬ್ಬಗಳಲ್ಲಿ ಮಸಿ ಇದ್ದೇ ಇರುತ್ತದೆ. ಖಾತ್ರಿ ಇಲ್ಲದಿದ್ದರೆ ಇದೆ ಅಂತಲೇ ತಿಳಿಯಿರಿ.

ಹಾಗಾದರೆ ಮನೆಯಲ್ಲೇ ತೊಳೆಯಬಹುದಾ? ಬ್ಲ್ಯಾಕ್ ಅಂಡ್ ವೈಟ್ ತೊಳೆದು ಅಭ್ಯಾಸ ಇದೆ.
*ಓದುಗರು, ಹೊಸನಗರ*

ಅಭ್ಯಾಸ ಇದ್ದರೆ ಧೈರ್ಯ ಮಾಡಿ. ಇದರಲ್ಲಿ ಕಷ್ಟ ಅಂದರೆ ಶಾಖ. ಇಸಿಎನ್-2 ಡೆವಲಪರ್, ಅಂದರೆ ಚಿತ್ರ ಮೂಡಿಸುವ ಕೆಮಿಕಲ್, 41 ಡಿಗ್ರಿಯಲ್ಲಿ ಮೂರು ನಿಮಿಷ, ಅದರಲ್ಲಿ ಹೆಚ್ಚುಕಡಿಮೆ ಆಗಬಾರದು. ಪೇಟೆಯವರು ಇದಕ್ಕಾಗಿ ಯಂತ್ರ ಕೊಳ್ಳುತ್ತಾರೆ. ನಮ್ಮಲ್ಲಿ ಬಚ್ಚಲೊಲೆ ಇದೆಯಲ್ಲ! ಹಂಡೆಯ ಬಿಸಿನೀರು, ಬಾವಿಯ ತಣ್ಣೀರು ಬೆರೆಸಿ ದೊಡ್ಡ ಬಕೆಟ್ಟಿನಲ್ಲಿ 42ಕ್ಕೆ ತಂದುಕೊಂಡು ಕೆಮಿಕಲ್ ಬಾಟಲಿಗಳನ್ನು ಅದರಲ್ಲಿ ಮುಳುಗಿಸಿಡುತ್ತೇನೆ. ಥರ್ಮಾಮೀಟರ್ ಒಳ್ಳೆಯದಿರಲಿ. ಕೈ ಅದ್ದಿ ನೋಡಿ ಅಂದಾಜು ಮಾಡೋದು ಸ್ನಾನಕ್ಕೆ ಸರಿ, ಇದಕ್ಕಲ್ಲ.

ಮಸಿ ತೆಗೆಯಲು ಅಡುಗೆ ಸೋಡಾ ಸಾಕು. ಒಂದು ಲೀಟರ್ ಬೆಚ್ಚಗಿನ ನೀರಿಗೆ ಒಂದೆರಡು ದೊಡ್ಡ ಚಮಚ ಕಲಸಿ, ಫಿಲ್ಮ್ ಇರುವ ಟ್ಯಾಂಕಿಗೆ ಸುರಿದು, ಮುಚ್ಚಳ ಬಿಗಿ ಮಾಡಿ, ಮಜ್ಜಿಗೆ ಕಡೆದ ಹಾಗೆ ಒಂದು ನಿಮಿಷ ಜೋರಾಗಿ ಕುಲುಕಿ. ಬಗ್ಗಿಸಿದಾಗ ಶಾಯಿ ಬರುತ್ತದೆ, ಗಟ್ಟಿ ಕಪ್ಪು ಶಾಯಿ. ಮೊದಲ ಸಲ ನೋಡಿದವರು ಫೋಟೋನೇ ಕರಗಿ ಹೋಯಿತು ಅಂತ ಗಾಬರಿಯಾಗುತ್ತಾರೆ. ಬೆಚ್ಚಗಿನ ಸಾದಾ ನೀರು ಹಾಕಿ ಮತ್ತೆ ಕುಲುಕಿ, ಮತ್ತೆ ಚೆಲ್ಲಿ. ನಾಲ್ಕೈದು ಸಲ ಆದ ಮೇಲೆ ನೀರು ತಿಳಿಯಾಗುತ್ತದೆ. ಆಮೇಲೆ ಡೆವಲಪರ್. ಎಲ್ಲ ಮುಗಿದು ಫಿಲ್ಮ್ ಹೊರಗೆ ಬಂದಾಗ ಬೆನ್ನಿನ ಮೇಲೆ ಅಲ್ಲಿಷ್ಟು ಇಲ್ಲಿಷ್ಟು ಮಸಿ ಉಳಿದಿರುತ್ತದೆ. ಒದ್ದೆ ಹತ್ತಿಯಲ್ಲಿ ಹಗುರವಾಗಿ ಒರೆಸಿ, ಹೊಳೆಯುವ ಬದಿಯನ್ನು ಮಾತ್ರ. ಮಂಕು ಬದಿ ಮುಟ್ಟಿದರೆ ಚಿತ್ರವೇ ಕಿತ್ತು ಬರುತ್ತದೆ.

ಸಿ-41 ಕಿಟ್‌ನಲ್ಲೂ ತೊಳೆಯಬಹುದು, ಮಸಿ ತೆಗೆದ ಮೇಲೆ. ಅದರ ಡೆವಲಪರ್ ಬೇರೆ, 38 ಡಿಗ್ರಿಯಲ್ಲಿ ಮೂರೂಕಾಲು ನಿಮಿಷ. ಕಾಂಟ್ರಾಸ್ಟ್ ಏರುತ್ತದೆ, ಬಣ್ಣ ಸ್ವಲ್ಪ ಓಲುತ್ತದೆ. ನನಗೆ ಅಷ್ಟು ಹಿಡಿಸಲ್ಲ, ಆದರೆ ಮೆಚ್ಚುವವರೂ ಇದ್ದಾರೆ.

ಎರಡು ಎಚ್ಚರಿಕೆ. ಕೈಗವಸು ಹಾಕದೆ ಡೆವಲಪರ್ ಮುಟ್ಟಬೇಡಿ, ಕೆಲವರಿಗೆ ಚರ್ಮ ಎದ್ದು ಬರುತ್ತದೆ. ಬಳಸಿದ ಕೆಮಿಕಲ್ಲನ್ನು ತೋಟದ ಕಾಲುವೆಗೆ, ಬಾವಿ ಹತ್ತಿರ ಚೆಲ್ಲಬೇಡಿ. ಹಾಂ, ಬಚ್ಚಲುಮನೆಯಲ್ಲೇ ಫಿಲ್ಮ್ ಒಣಹಾಕಬೇಡಿ. ಒಲೆಯ ಬೂದಿ ಕಣ್ಣಿಗೆ ಕಾಣಲ್ಲ, ಸ್ಕ್ಯಾನ್‌ನಲ್ಲಿ ಕಾಣುತ್ತದೆ.

ಆನ್‌ಲೈನಿನಲ್ಲಿ ಒಬ್ಬರು 400 ಅಡಿಯ ಡಬ್ಬ ಮಾರುತ್ತಿದ್ದಾರೆ. ಸೀಲ್ ಒಡೆದಿದೆ, ಬೆಲೆ ಕಡಿಮೆ. ತಗೊಳ್ಳಲಾ?
*ಓದುಗರು, ಭದ್ರಾವತಿ*

ಮೊದಲು ಲೆಕ್ಕ. 400 ಅಡಿ ಅಂದರೆ 122 ಮೀಟರ್. ಮೂವತ್ತಾರು ಫೋಟೋದ ಒಂದು ರೋಲಿಗೆ ತಲೆ-ಬಾಲ ಸೇರಿ ಸುಮಾರು 1.65 ಮೀಟರ್ ಬೇಕು. ವೇಸ್ಟ್ ಕಳೆದು 70 ರೋಲ್ ಬರುತ್ತವೆ ಅಂದುಕೊಳ್ಳಿ. ಬೆಲೆಯನ್ನು 70ರಿಂದ ಭಾಗಿಸಿ, ತೊಳೆಸುವ ಖರ್ಚು ಸೇರಿಸಿ, ಆಮೇಲೆ ನಿಮ್ಮನ್ನೇ ಕೇಳಿಕೊಳ್ಳಿ: 70 ರೋಲ್ ಎಷ್ಟು ವರ್ಷಕ್ಕೆ ಮುಗಿಸ್ತೀರಿ? ನಾಲ್ಕೈದು ಜನ ಸೇರಿ ಹಂಚಿಕೊಂಡರೆ ಮಾತ್ರ ಇದು ಲಾಭ.

ಸೀಲ್ ಒಡೆದದ್ದೆಲ್ಲ ಕೆಟ್ಟದ್ದಲ್ಲ. ಶೂಟಿಂಗಿನಲ್ಲಿ ರೀಲಿನ ಕೊನೆಗೆ ಉಳಿದ ತುಂಡನ್ನು ಕಪ್ಪು ಚೀಲಕ್ಕೆ ಹಾಕಿ ಮತ್ತೆ ಡಬ್ಬ ಮುಚ್ಚುತ್ತಾರೆ, ಶಾರ್ಟ್ ಎಂಡ್ ಅಂತಾರೆ. ಒಳ್ಳೆಯ ಫಿಲ್ಮೇ ಇರಬಹುದು. ಎಷ್ಟು ವರ್ಷದ್ದು, ಫ್ರಿಜ್ಜಿನಲ್ಲಿತ್ತಾ, ಬೀರುವಿನಲ್ಲಿತ್ತಾ ಅಂತ ಕೇಳಿ. ಹತ್ತು ವರ್ಷ ಹಳತಾಗಿದ್ದರೆ ಒಂದು ಸ್ಟಾಪ್ ಜಾಸ್ತಿ, ಅಂದರೆ ಎರಡರಷ್ಟು ಬೆಳಕು ಕೊಡುವುದು ರೂಢಿ. ಮತ್ತೆ, ಒಂದು ಅಡಿ ಕತ್ತರಿಸಿ ಪರೀಕ್ಷೆಗೆ ಕೊಡಿ ಅನ್ನಿ. ಕೊಡಲ್ಲ ಅಂದರೆ ಅಲ್ಲಿಗೆ ಬಿಡಿ.

ಕೇಳದೆ ತಗೊಂಡು ನಾನು ಕೆಟ್ಟಿದ್ದೇನೆ. 500ಟಿ ಅಂತ ಚೀಟಿ ಅಂಟಿಸಿದ್ದ ಡಬ್ಬದೊಳಗೆ ಇದ್ದದ್ದು ಥಿಯೇಟರಿಗೆ ಕಾಪಿ ತೆಗೆಯುವ ಪ್ರಿಂಟ್ ಫಿಲ್ಮ್. ಅದರ ವೇಗ ಒಂದಂಕಿಯ ಐಎಸ್‌ಒ. ಮೂರು ರೋಲ್ ಸಕ್ರೆಬೈಲಿನ ಆನೆ ತೆಗೆದಿದ್ದೆ, ತೊಳೆದರೆ ಆನೆಯೂ ಇಲ್ಲ, ತುಂಗೆಯೂ ಇಲ್ಲ. ಗುರುತು ಹಿಡಿಯುವ ಉಪಾಯ ಸುಲಭ: ತುದಿಯನ್ನು ಹರಿದು ನೋಡಿ. ಕ್ಯಾಮೆರಾ ನೆಗೆಟಿವ್ ಹರಿಯುತ್ತದೆ. ಪಾಲಿಯೆಸ್ಟರಿನ ಪ್ರಿಂಟ್ ಫಿಲ್ಮ್ ಏನು ಮಾಡಿದರೂ ಹರಿಯಲ್ಲ. ತೀರ್ಥಹಳ್ಳಿಯವರೇ, ಕ್ಯಾಮೆರಾದ ಗೇರ್ ಮುರಿಯುವುದಿದ್ದರೆ ಇಂಥದ್ದರಿಂದಲೇ. ಸಿಕ್ಕಿಹಾಕಿಕೊಂಡಾಗ ಫಿಲ್ಮ್ ಸೋಲಲ್ಲ, ಯಂತ್ರ ಸೋಲುತ್ತದೆ.

ರೋಲ್ ತುಂಬಿಸಲು ನನ್ನ ಪದ್ಧತಿ: ಕತ್ತಲೆ ಕೋಣೆಯ ಬಾಗಿಲಿಗೆ 1.65 ಮೀಟರ್ ಅಂತರದಲ್ಲಿ ಎರಡು ಮೊಳೆ. ಕೈ ತಡಕಿ ಅಳೆದು, ಕತ್ತರಿಸಿ, ಖಾಲಿ ಕ್ಯಾಸೆಟ್ಟಿಗೆ ಸುತ್ತೋದು. ಮನೆಯಲ್ಲಿ ಎಲ್ಲರಿಗೂ ಹೇಳಿಟ್ಟಿರಿ, ಇಲ್ಲದಿದ್ದರೆ ಕಾಫಿ ಆಯ್ತು ಅಂತ ಬಾಗಿಲು ತೆಗೀತಾರೆ.

ಗೆಳೆಯನ ಫೋಟೋಗಳಲ್ಲಿ ಬೀದಿದೀಪದ ಸುತ್ತ ಕೆಂಪು ಪ್ರಭೆ ಇದೆ. ಇದು ಕೆಟ್ಟ ಫಿಲ್ಮಾ?
*ಓದುಗರು, ಕೊಪ್ಪ*

ಅಲ್ಲ. ಬಹುಶಃ ಸಿನೆಸ್ಟಿಲ್ 800ಟಿ. ಅದು 500ಟಿಯೇ, ಮಸಿಯನ್ನು ಮೊದಲೇ ತೆಗೆದು ಮಾರುತ್ತಾರೆ. ಹಾಗಾಗಿ ಮಾಮೂಲಿ ಲ್ಯಾಬಿಗೆ ಧೈರ್ಯವಾಗಿ ಕೊಡಬಹುದು. ಬೆಳಕನ್ನು ತಡೆಯುವ ಮಸಿ ಇಲ್ಲವಲ್ಲ, ಅದಕ್ಕೇ ಕೆಂಪು. ಬೆಲೆ ಜಾಸ್ತಿ.

ನನ್ನ ಪುಟ್ಟ ಕ್ಯಾಮೆರಾದಲ್ಲಿ ಐಎಸ್‌ಒ ತಿರುಗಿಸುವ ಡಯಲ್ಲೇ ಇಲ್ಲ.
*ಓದುಗರು, ಶಿಕಾರಿಪುರ*

ಅಂಥವು ಕ್ಯಾಸೆಟ್ಟಿನ ಮೇಲಿನ ಕಪ್ಪು-ಬಿಳಿ ಚೌಕಗಳನ್ನು ಓದಿ ವೇಗ ತಿಳಿಯುತ್ತವೆ. ಮನೆಯಲ್ಲಿ ತುಂಬಿಸಿದ ಬೋಳು ಕ್ಯಾಸೆಟ್ ಹಾಕಿದರೆ ಬಹಳಷ್ಟು ಕ್ಯಾಮೆರಾಗಳು ಸುಮ್ನೆ 100 ಅಂದುಕೊಳ್ಳುತ್ತವೆ. 250ಡಿ ಆದರೆ ನಡೆಯುತ್ತದೆ, ಜಾಸ್ತಿ ಬೆಳಕನ್ನು ನೆಗೆಟಿವ್ ಸಹಿಸಿಕೊಳ್ಳುತ್ತದೆ.

ಮಳೆಗಾಲದಲ್ಲಿ ಎಲ್ಲಿ ಇಡುವುದು?
*ಓದುಗರು, ಆಗುಂಬೆ*

ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ, ಫ್ರಿಜ್ಜಿನಲ್ಲಿ. ಹೊರಗೆ ತೆಗೆದ ತಕ್ಷಣ ಮುಚ್ಚಳ ತೆಗೆಯಬೇಡಿ, ನಿಮ್ಮೂರಿನ ಗಾಳಿಗೆ ಫಿಲ್ಮಿನ ಮೇಲೆ ಇಬ್ಬನಿ ಕೂರುತ್ತದೆ. ರಾತ್ರಿ ಹೊರಗಿಟ್ಟು ಬೆಳಿಗ್ಗೆ ಬಿಚ್ಚಿ. ತೆಗೆದಾದ ರೋಲನ್ನು ಬೇಗ ತೊಳೆಸಿ, ದೀಪಾವಳಿಯವರೆಗೆ ಇಟ್ಟುಕೊಂಡು ಕೂರಬೇಡಿ.

ನಾನು ಕಾಲೇಜು ವಿದ್ಯಾರ್ಥಿನಿ. ಕೈಯಲ್ಲಿ ದುಡ್ಡು ಕಡಿಮೆ, ಆಸೆ ಜಾಸ್ತಿ. ಎಲ್ಲಿಂದ ಶುರು ಮಾಡಲಿ ಸರ್?
*ಓದುಗರು, ಶಿವಮೊಗ್ಗ*

ಬಣ್ಣದ ತಂಟೆಯೇ ಈಗ ಬೇಡಮ್ಮ. ಕೊಡಾಕ್ ಡಬಲ್-ಎಕ್ಸ್ ಅಂತ ಬ್ಲ್ಯಾಕ್ ಅಂಡ್ ವೈಟ್ ಸಿನಿಮಾ ಫಿಲ್ಮ್ ಇದೆ, ನಂಬರ್ 5222, 1959ರಿಂದ ಬರುತ್ತಿರುವುದು. ಹಗಲಲ್ಲಿ 250, ಬಲ್ಬಿನಡಿ 200. ಬೆನ್ನಿಗೆ ಮಸಿ ಇಲ್ಲ. ಡಿ-76 ಡೆವಲಪರಿನಲ್ಲಿ ಬೇರೆ ಬ್ಲ್ಯಾಕ್ ಅಂಡ್ ವೈಟ್ ಫಿಲ್ಮ್ ತೊಳೆದ ಹಾಗೇ ಮನೆಯಲ್ಲಿ ತೊಳೆಯಬಹುದು, 20 ಡಿಗ್ರಿ ಸಾಕು. ನಾನು ಕಲಿತದ್ದು ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ 'ಇಂದು' ಫಿಲ್ಮಿನಲ್ಲಿ. ಅದು ನಿಂತುಹೋಗಿದೆ. ಈಗ ಕಲಿಯುವವರಿಗೆ ನಾನು ಕೊಡುವುದು ಇದನ್ನೇ.

ಡಬ್ಬ ಕೊಳ್ಳಬೇಡಿ, ತುಂಬಿಸಿದ ಎರಡು ರೋಲ್ ತಗೊಳ್ಳಿ. ಮೊದಲ ರೋಲಿನಲ್ಲಿ ಅಕ್ಕನ ಮದುವೆ ತೆಗೆಯಲು ಹೋಗಬೇಡಿ. ಹಿತ್ತಲ ಕೊಟ್ಟಿಗೆ, ಬಚ್ಚಲ ಹೊಗೆ, ಸೌದೆ ರಾಶಿ ತೆಗೆಯಿರಿ. ಕೆಟ್ಟರೆ ಮರುದಿನವೂ ಅವು ಅಲ್ಲೇ ಇರುತ್ತವೆ.