ಕೆಂಬೂತ ಯಾರ ಗೂಡಿನಲ್ಲಿ ಮೊಟ್ಟೆ ಇಡುತ್ತದೆ?

ಪತ್ರ: ಕೆಂಬೂತವೂ ಕೋಗಿಲೆಯ ಬಳಗಕ್ಕೆ ಸೇರಿದ ಹಕ್ಕಿ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಹಾಗಾದರೆ ಅದು ಯಾರ ಗೂಡಿನಲ್ಲಿ ಮೊಟ್ಟೆ ಇಡುತ್ತದೆ? ನಮ್ಮ ಹಿತ್ತಲ ಬೇಲಿಯಲ್ಲಿ ಒಂದು ಜೋಡಿ ಸೇರಿಕೊಂಡಿದೆ. ಪಿಕಳಾರದ ಮರಿಗಳನ್ನು ತಿಂದುಹಾಕಿತು. ಬೇಲಿ ಕಡಿಸಿ ಓಡಿಸಬೇಕು ಅಂದುಕೊಂಡಿದ್ದೇವೆ. ಏನು ಹೇಳುತ್ತೀರಿ? – ಓದುಗರು, ಸಾಗರ

ಸಂಪಾದಕರ ಉತ್ತರ:

ದಯವಿಟ್ಟು ಬೇಲಿ ಕಡಿಸಬೇಡಿ. ಕಾರಣ ಹೇಳುತ್ತೇನೆ.

ಕೆಂಬೂತ ತನ್ನ ಗೂಡಿನಲ್ಲೇ ಮೊಟ್ಟೆ ಇಡುತ್ತದೆ. ಕೋಗಿಲೆ ಅಂದಕೂಡಲೇ ನಮಗೆ ಕಾಗೆಯ ಗೂಡು ನೆನಪಾಗುತ್ತದೆ, ಅಲ್ವಾ? ಆದರೆ ಆ ಬಳಗದ ಅರ್ಧಕ್ಕಿಂತ ಜಾಸ್ತಿ ಹಕ್ಕಿಗಳು ತಾವೇ ಗೂಡು ಕಟ್ಟಿ, ತಾವೇ ಮರಿ ಸಾಕುತ್ತವೆ. ಕೆಂಬೂತದಲ್ಲಿ ಗೂಡಿನ ಕೆಲಸ ಹೆಚ್ಚಾಗಿ ಗಂಡಿನದು. ಮುಳ್ಳುಪೊದೆಯಲ್ಲೋ ಬಿದಿರ ಮೆಳೆಯಲ್ಲೋ ಎಲೆ, ಹುಲ್ಲು, ಕಡ್ಡಿ ಸೇರಿಸಿ ದೊಡ್ಡ ಉಂಡೆಯಂಥ ಗೂಡು ಮಾಡುತ್ತದೆ. ಮೇಲೆ ಮುಚ್ಚಿಗೆ, ಪಕ್ಕದಲ್ಲಿ ಬಾಗಿಲು. ಕೆಲವೇ ದಿನಗಳಲ್ಲಿ ಗೂಡು ಮುಗಿಯುತ್ತದೆ. ಹೊರಗಿನಿಂದ ನೋಡಿದರೆ ಒಣ ಎಲೆ ಸಿಕ್ಕಿಹಾಕಿಕೊಂಡ ಹಾಗೆ ಕಾಣುತ್ತದೆ, ಅಷ್ಟೆ.

ಮೊಟ್ಟೆ ಸಾಮಾನ್ಯವಾಗಿ ಮೂರೋ ನಾಲ್ಕೋ. ಹೊಸದಾಗಿ ಇಟ್ಟ ಮೊಟ್ಟೆಯ ಮೇಲೆ ತೆಳ್ಳಗೆ ಹಳದಿ ಹೊಳಪು ಇರುತ್ತದೆ. ಕಾವು ಕೊಡುತ್ತಾ ಹೋದಂತೆ ಅದು ಸವೆದು ಸುಣ್ಣದ ಬಿಳುಪು ಉಳಿಯುತ್ತದೆ. ಗಂಡು ಹೆಣ್ಣು ಎರಡೂ ಸರದಿಯಲ್ಲಿ ಕೂತು 15–16 ದಿನ ಕಾವು ಕೊಡುತ್ತವೆ. ಮರಿಯ ಚರ್ಮ ಕಪ್ಪು. ಮೈಮೇಲೆ ಬಿಳಿ ಕೂದಲಿನಂಥ ಎಳೆಗಳು, ಕಣ್ಣು ಕೊಕ್ಕಿನ ಮೇಲೂ ಜೋತುಬಿದ್ದಿರುತ್ತವೆ. ನೋಡಿದರೆ ಹಕ್ಕಿಮರಿ ಅಂತ ನಂಬುವುದು ಕಷ್ಟ. ಮೂರು ವಾರದ ಹೊತ್ತಿಗೆ ಗೂಡು ಬಿಡುತ್ತವೆ. ಆಗಲೂ ಅಪ್ಪ ಅಮ್ಮನ ಕೆಂಗಣ್ಣು ಬಂದಿರುವುದಿಲ್ಲ. ಮೈಯೆಲ್ಲ ಮಂಕು, ಮೇಲೆ ಪಟ್ಟೆ ಪಟ್ಟೆ.

ಪಿಕಳಾರದ ಮರಿ ತಿಂದದ್ದು ನಿಜವೇ ಇರಬೇಕು. ಬೇರೆ ಹಕ್ಕಿಗಳ ಮೊಟ್ಟೆ, ಮರಿ ಕೆಂಬೂತದ ಆಹಾರದಲ್ಲಿ ಸೇರಿವೆ. ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಅದೇ ಹಕ್ಕಿ ದಿನವಿಡೀ ನಿಮ್ಮ ಹಿತ್ತಲಲ್ಲಿ ಇನ್ನೇನು ತಿನ್ನುತ್ತದೆ ಅಂತಲೂ ಸ್ವಲ್ಪ ನೋಡಿ. ಮಿಡತೆ, ಕಂಬಳಿಹುಳು, ಬಸವನಹುಳು, ಇಲಿಮರಿ, ಓತಿಕ್ಯಾತ, ಸಣ್ಣ ಹಾವು. ತಮಿಳುನಾಡಿನಲ್ಲಿ ಗಮನಿಸಿದಾಗ ಅದರ ಊಟದಲ್ಲಿ ಬಸವನಹುಳುವಿನದೇ ದೊಡ್ಡ ಪಾಲು. ಮಳೆಗಾಲದಲ್ಲಿ ಬಸವನಹುಳು ಸಸಿಗಳನ್ನು ಏನು ಮಾಡುತ್ತದೆ ಎಂದು ನಿಮಗೆ ನಾನು ಹೇಳಬೇಕಿಲ್ಲ. ಪಿಕಳಾರವಂತೂ ಒಂದು ಗೂಡು ಹಾಳಾದರೆ ಮತ್ತೊಂದು ಕಟ್ಟುತ್ತದೆ.

ಕೆಂಬೂತ ಚೆನ್ನಾಗಿ ಹಾರುವ ಹಕ್ಕಿ ಅಲ್ಲ. ರೆಕ್ಕೆ ಬಡಿದು ಸ್ವಲ್ಪ ದೂರ ತೇಲಿ, ಧೊಪ್ಪೆಂದು ಮತ್ತೊಂದು ಪೊದೆಯೊಳಗೆ ಬೀಳುತ್ತದೆ. ಅದರ ಬದುಕೆಲ್ಲ ನೆಲದಲ್ಲಿ, ಪೊದೆಯ ಬುಡದಲ್ಲಿ. ದಕ್ಷಿಣ ಭಾರತದಲ್ಲಿ ಅಧ್ಯಯನ ಮಾಡಿದವರು ಒಂದು ಜೋಡಿಯ ವಾಸದ ಜಾಗ ಸರಾಸರಿ 3.8 ಹೆಕ್ಟೇರ್ ಎಂದು ಕಂಡುಕೊಂಡಿದ್ದಾರೆ. ಅಂದರೆ ಒಂಬತ್ತು ಎಕರೆ ಚಿಲ್ಲರೆ. ಅಷ್ಟರಲ್ಲಿ ಗೂಡಿಗೆ ತಕ್ಕ ದಟ್ಟ ಪೊದೆ ನಿಮ್ಮ ಬೇಲಿ ಒಂದೇ ಇರಬಹುದು. ತೋಟಗಳಿಗೆಲ್ಲ ತಂತಿ ಬೇಲಿ ಬರುತ್ತಿರುವ ಈ ಕಾಲದಲ್ಲಿ ನನಗೆ ಇದೇ ಚಿಂತೆ.

ಕೆಂಬೂತದ ಮಾಂಸ ಕ್ಷಯಕ್ಕೆ ಮದ್ದು ಎಂಬ ನಂಬಿಕೆಯಿಂದ ಇದನ್ನು ಕೊಂದವರೂ ಇದ್ದಾರೆ. ಅದು ಮದ್ದಲ್ಲ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಕೊಲ್ಲುವುದು ಅಪರಾಧ ಕೂಡ.

ನವಿಲು ಕುಣಿಯಿತೆಂದು ಕೆಂಬೂತ ಪುಕ್ಕ ಕೆದರಿತಂತೆ ಎಂಬ ಗಾದೆ ಕೇಳಿದಾಗಲೆಲ್ಲ ನನಗೆ ಬೇಸರವಾಗುತ್ತದೆ. ಬೆಳಿಗ್ಗೆ ಪೊದೆಯ ತುದಿಗೆ ಬಂದು ರೆಕ್ಕೆ ಬಿಚ್ಚಿ ಕೂರುವುದು ಬಿಸಿಲು ಕಾಯಿಸಲು. ಕೆಲವೊಮ್ಮೆ ಜೋಡಿಯಾಗಿಯೇ ಕೂರುತ್ತವೆ. ಆಗ ಬೆನ್ನಿಗೆ ಬಿಸಿಲು ಬಿದ್ದು ಕಪ್ಪು ಗರಿಯಲ್ಲಿ ನೀಲಿ ಮಿಂಚುವುದನ್ನು ನೀವೂ ನೋಡಬಹುದು. ‘ಕೂಪ್ ಕೂಪ್’ ಎಂದು ಎರಡೂ ದನಿಗೂಡಿಸುವಾಗ ಕಿವಿಗೊಡಿ. ದಪ್ಪ ದನಿ ಹೆಣ್ಣಿನದು. ಗಾತ್ರದಲ್ಲೂ ಅದೇ ತುಸು ದೊಡ್ಡದು.

ಬೇಲಿ ಸವರಲೇಬೇಕು ಅಂತಿದ್ದರೆ ಮೊದಲು ಕೆಲವು ದಿನ ಸುಮ್ನೆ ಗಮನಿಸಿ. ಕೊಕ್ಕಿನಲ್ಲಿ ಎಲೆಯನ್ನೋ ಹುಳುವನ್ನೋ ಕಚ್ಚಿಕೊಂಡು ಒಂದೇ ಜಾಗಕ್ಕೆ ಹೋಗುತ್ತಿದ್ದರೆ ಅಲ್ಲಿ ಗೂಡಿದೆ. ಗೂಡಿನ ಕಾಲ ಮುಖ್ಯವಾಗಿ ಜೂನ್‌ನಿಂದ ಸೆಪ್ಟೆಂಬರ್, ಊರಿಂದೂರಿಗೆ ಹಿಂದೆ ಮುಂದೆ ಆಗುತ್ತದೆ. ಮರಿಗಳು ಹೊರಬಿದ್ದ ಮೇಲೆ ಒಂದು ಬದಿ ಮಾತ್ರ ಸವರಿ. ಸವರಿದ ಬದಿ ಚಿಗುರಿ ದಟ್ಟವಾದ ಮೇಲೆ ಇನ್ನೊಂದು ಬದಿಗೆ ಕೈಹಾಕಿ.