ಎಚ್‌ಪಿವಿ ನೆಗೆಟಿವ್, ಆದರೂ ಕ್ಯಾನ್ಸರ್ ಹೇಗೆ?

ಪ್ರಶ್ನೆ: ಅಮ್ಮನಿಗೆ 54 ವರ್ಷ. ತುಂಬಾ ದಿನದಿಂದ ನೀರು ನೀರಾಗಿ ಬಿಳಿ ಹೋಗುತ್ತಿತ್ತು. ಉಷ್ಣ ಅಂತ ಎಳನೀರು ಕೊಟ್ಟೆವು. ಗರ್ಭಕಂಠದ ಕೋಶ ನೋಡುವ ಪ್ಯಾಪ್ ಟೆಸ್ಟ್ ನಾರ್ಮಲ್, ಎಚ್‌ಪಿವಿ ವೈರಸ್ ಟೆಸ್ಟ್ ನೆಗೆಟಿವ್. ಈಗ ಬಯಾಪ್ಸಿಯಲ್ಲಿ ಗರ್ಭಕಂಠದ ‘ಗ್ಯಾಸ್ಟ್ರಿಕ್ ಟೈಪ್ ಅಡೆನೊಕಾರ್ಸಿನೋಮಾ, ಪಿ16 ನೆಗೆಟಿವ್’ ಎಂದು ಬಂದಿದೆ. ಹೊಟ್ಟೆಯ ಎಂಡೋಸ್ಕೋಪಿಯನ್ನೂ ಮಾಡಿಸಿ ಅಂದಿದ್ದಾರೆ. ಸ್ಯಾಂಪಲ್ ಅದಲುಬದಲಾಗಿರಬಹುದಾ? – ಓದುಗರು, ಕುಂದಾಪುರ

ಉತ್ತರ: ಅದಲುಬದಲಾದ ಹಾಗೆ ಕಾಣುವುದಿಲ್ಲ. ಅಡೆನೊಕಾರ್ಸಿನೋಮಾ ಅಂದರೆ ಗ್ರಂಥಿ ಕೋಶಗಳ ಕ್ಯಾನ್ಸರ್; ನೀವು ಹೇಳಿದ್ದೆಲ್ಲ ಅದರ ಈ ಬಗೆಗೆ ಸರಿಯಾಗಿ ಕೂರುತ್ತದೆ. ಮಂಗಳೂರಿನಲ್ಲಿ ಮೈಕ್ರೋಸ್ಕೋಪ್ ಮುಂದೆ ಕೂತು ನಾನು ಇಂಥದ್ದನ್ನು ನೋಡುವುದು ಅಪರೂಪ, ಆದರೆ ನೋಡುತ್ತೇನೆ.

ಗರ್ಭಕಂಠದ ಕ್ಯಾನ್ಸರ್‌ಗಳಲ್ಲಿ ಹೆಚ್ಚಿನವು ಎಚ್‌ಪಿವಿಯಿಂದಲೇ ಬರುತ್ತವೆ. ವೈರಸ್ಸಿನ ಇ7 ಪ್ರೋಟೀನು ಕೋಶದ ಆರ್‌ಬಿ ಎಂಬ ಬ್ರೇಕನ್ನು ಕೆಡಿಸುತ್ತದೆ. ಆಗ ಪಿ16 ಎಂಬ ಪ್ರೋಟೀನು ವಿಪರೀತ ಏರಿ, ಅದಕ್ಕೆ ಬಣ್ಣ ಹಾಕಿದ ಸ್ಲೈಡ್ ಪೂರ್ತಿ ಕಂದಾಗುತ್ತದೆ. ನಿಮ್ಮ ಅಮ್ಮನ ಗಡ್ಡೆಗೆ ವೈರಸ್ ಬೇಕಾಗಿಲ್ಲ, ಹಾಗಾಗಿ ಪಿ16 ನೆಗೆಟಿವ್. ಇವುಗಳಲ್ಲಿ ಟಿಪಿ53, ಎಸ್‌ಟಿಕೆ11 ಜೀನ್‌ಗಳು ಕೆಟ್ಟಿರುವುದು ಜಾಸ್ತಿ. ವಿಶ್ವ ಆರೋಗ್ಯ ಸಂಸ್ಥೆ 2020ರ ವರ್ಗೀಕರಣದಲ್ಲಿ ಎಚ್‌ಪಿವಿ ಇರುವವನ್ನೂ ಇಲ್ಲದವನ್ನೂ ಬೇರೆ ಬೇರೆ ಇಟ್ಟಿದ್ದು ಇದಕ್ಕೇ.

ಪ್ಯಾಪ್‌ನಲ್ಲಿ ಸಿಗದಿದ್ದುದೂ ಆಶ್ಚರ್ಯವಲ್ಲ. ಗಡ್ಡೆ ಹೆಚ್ಚಾಗಿ ಗರ್ಭಕಂಠದ ಕಾಲುವೆಯಲ್ಲಿ ಮೇಲೆ ಅಡಗಿರುತ್ತದೆ. ಕೆಲವೊಮ್ಮೆ ಕೋಶಗಳು ಎಷ್ಟು ಸಾಧುವಾಗಿ ಕಾಣುತ್ತವೆ ಅಂದರೆ ನಮಗೇ ಮೋಸವಾಗುತ್ತದೆ. ಲೋಳೆ ಸುರಿಸುವ ಗಡ್ಡೆ ಇದು, ಆ ಬಿಳಿ ನೀರು ಅದರದ್ದೇ ಇರಬಹುದು. ಉಷ್ಣ ಅಂತ ಕೂರುವುದು ನಮ್ಮೂರಿನ ಕಡೆ ಎಲ್ಲ ಮನೆಯಲ್ಲೂ ಇದೆ, ಅಲ್ವಾ?

ಎಂಡೋಸ್ಕೋಪಿ ಕೇಳಿದ್ದು ಸರಿಯೇ. ಕೋಶಗಳು ಹೊಟ್ಟೆಯ ಗ್ರಂಥಿಗಳ ಹಾಗಿರುತ್ತವೆ, ‘ಗ್ಯಾಸ್ಟ್ರಿಕ್ ಟೈಪ್’ ಅನ್ನುವುದು ಅದಕ್ಕೇ. ಹೊಟ್ಟೆಯಲ್ಲೋ ಪ್ಯಾಂಕ್ರಿಯಾಸ್‌ನಲ್ಲೋ ಹುಟ್ಟಿ ಇಲ್ಲಿಗೆ ಬಂದಿಲ್ಲ ಎಂದು ಖಚಿತ ಮಾಡಿಕೊಳ್ಳಬೇಕು.

ಈ ಬಗೆ ಜೋರಿನದ್ದು, ಸುಳ್ಳು ಹೇಳುವುದಿಲ್ಲ. ಕೀಮೋಗೆ, ರೇಡಿಯೇಷನ್‌ಗೆ ಮಾಮೂಲಿ ಬಗೆಯಷ್ಟು ಬಗ್ಗುವುದಿಲ್ಲ. ಆದ್ದರಿಂದ ಆಪರೇಷನ್ ಸಾಧ್ಯವಾ ಎಂಬುದು ದೊಡ್ಡ ಪ್ರಶ್ನೆ. ಸ್ಲೈಡ್ ಮತ್ತು ಬಯಾಪ್ಸಿಯ ತುಣುಕಿರುವ ಮೇಣದ ಬ್ಲಾಕ್ ಎರಡನ್ನೂ ಲ್ಯಾಬಿನಿಂದ ಕೇಳಿ ಪಡೆದು, ಮಣಿಪಾಲ ಅಥವಾ ಮಂಗಳೂರಿನಲ್ಲಿ ಸ್ತ್ರೀ ಕ್ಯಾನ್ಸರ್ ನೋಡುವ ತಂಡಕ್ಕೆ ತೋರಿಸಿ. ಬರೀ ರಿಪೋರ್ಟಿನ ಜೆರಾಕ್ಸ್ ಹಿಡಿದು ಹೋಗಬೇಡಿ.

ಇನ್ನೊಂದು. ಅಮ್ಮನಿಗೆ ಅಥವಾ ಮನೆಯಲ್ಲಿ ಬೇರೆ ಯಾರಿಗಾದರೂ ಚಿಕ್ಕಂದಿನಿಂದ ತುಟಿ, ಬಾಯಿಯೊಳಗೆ ಕಪ್ಪು ಚುಕ್ಕೆ, ಕರುಳಿನಲ್ಲಿ ಪಾಲಿಪ್ ಎಂಬ ಸಣ್ಣ ಗಂಟು ಇದ್ದರೆ ಡಾಕ್ಟರಿಗೆ ಹೇಳಿ. ಪಾಯಿಟ್ಜ್-ಜೆಗರ್ಸ್ ಎಂಬ ವಂಶದ ತೊಂದರೆ ಇರಬಹುದು. ಹಾಗಿದ್ದರೆ ನಿಮ್ಮನ್ನೂ ಪರೀಕ್ಷೆ ಮಾಡಬೇಕಾಗುತ್ತದೆ.

ಪ್ರಶ್ನೆ: ಹಾಗಾದರೆ ಮಗಳಿಗೆ ಎಚ್‌ಪಿವಿ ಲಸಿಕೆ ಸುಮ್ನೆ ದಂಡವಾ? – ಅದೇ ಓದುಗರು

ಉತ್ತರ: ಖಂಡಿತ ಅಲ್ಲ. ಅಮ್ಮನಿಗೆ ಬಂದದ್ದನ್ನು ಅದು ತಡೆಯುವುದಿಲ್ಲ, ನಿಜ. ಆದರೆ ಹೆಚ್ಚು ಜನರಿಗೆ ಬರುವ ಬಗೆಯನ್ನು ತಡೆಯುತ್ತದೆ. 9ರಿಂದ 14ರ ಒಳಗೆ ಹಾಕಿಸಿ.